ಸಾಗರದಾಚೆಯ ಸೇವೆ, ತವರಿನ ದಾರಿ: ಮಿಶನರಿಗಳ ಸ್ವದೇಶ ಭೇಟಿಯ ಒಳಹೊರಗು

ಚಿತ್ತಾಕುಲ: ಕಾಳಿ ನದಿಯ ಉತ್ತರ ದಂಡೆಯಲ್ಲಿ, ಸದಾಶಿವಗಡದ ಗುಡ್ಡದ ಮಗ್ಗುಲಲ್ಲಿ ಹರಡಿಕೊಂಡಿರುವ ಚಿತ್ತಾಕುಲಕ್ಕೆ ಸಮುದ್ರಯಾನ ಹೊಸದಲ್ಲ. ಹದಿನಾರನೆಯ ಶತಮಾನದ ಪೋರ್ಚುಗೀಸರ ಬರಹಗಳಲ್ಲಿ ‘ಸಿಂತಾಕೋರಾ’ ಎಂದು ಕಾಣಿಸಿಕೊಳ್ಳುವ ಹೆಸರು ಈ ಪ್ರದೇಶದ್ದೇ. ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿಯಿಂದ ಮುಂಬಯಿಗೆ, ಗೋವೆಗೆ, ಕೊಲ್ಲಿ ರಾಷ್ಟ್ರಗಳಿಗೆ, ಹಡಗುಗಳಿಗೆ ದುಡಿಯಲು ಹೋದವರು ತಲೆಮಾರುಗಳಿಂದ ಇದ್ದಾರೆ. ಅವರು ರಜೆಗೆ ಬರುವ ದಿನ ಮನೆಯಲ್ಲಿ ನಡೆಯುವ ಸಂಭ್ರಮ, ಪೆಟ್ಟಿಗೆ ಬಿಚ್ಚುವ ಗಳಿಗೆ, ಮರಳಿ ಹೋಗುವಾಗಿನ ಮೌನ ಇವೆಲ್ಲ ಇಲ್ಲಿನವರಿಗೆ ಚಿರಪರಿಚಿತ.

ಆದರೆ ಇದೇ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ಬಗೆಯ ಆಗಮನವೂ ಗೊತ್ತಿದೆ. ಅದು ದೂರದೇಶದಲ್ಲಿ ಧರ್ಮಸೇವೆಯಲ್ಲಿರುವ ಪಾದ್ರಿಯ ಅಥವಾ ಧರ್ಮಭಗಿನಿಯ ಆಗಮನ. ಉಳಿದವರು ರಜೆ ಸಿಕ್ಕಾಗ ಬರುತ್ತಾರೆ. ಇವರು ಅನುಮತಿ ಸಿಕ್ಕಾಗ ಬರುತ್ತಾರೆ. ಉಳಿದವರ ಗಳಿಕೆ ಮನೆಗೆ ಸೇರುತ್ತದೆ. ಇವರ ಗಳಿಕೆ ಮನೆಗೆ ಸೇರುವುದಿಲ್ಲ. ಉಳಿದವರು ಒಂದು ದಿನ ಶಾಶ್ವತವಾಗಿ ಮರಳುವ ನಿರೀಕ್ಷೆಯಿರುತ್ತದೆ. ಇವರ ವಿಷಯದಲ್ಲಿ ಆ ಮಾತನ್ನು ಯಾರೂ ಖಚಿತವಾಗಿ ಹೇಳಲಾರರು. ಈ ವ್ಯತ್ಯಾಸಗಳನ್ನು ಅರಿಯದೆ ಹೋದರೆ ಬಂದವರಿಗೂ ಬರಮಾಡಿಕೊಂಡವರಿಗೂ ಆ ಕೆಲವು ವಾರಗಳು ಕಹಿಯಾಗಬಹುದು. ಮಿಶನರಿಗಳ ಸ್ವದೇಶ ಭೇಟಿ ಎಂಬ ಪದ್ಧತಿ ಹೇಗೆ ಬೆಳೆಯಿತು, ಅದಕ್ಕಾಗಿ ತೆತ್ತ ಬೆಲೆ ಏನು, ಇಂದು ಅದರ ಸಿದ್ಧತೆ ಹೇಗೆ ನಡೆಯಬೇಕು ಎಂಬುದನ್ನು ನಮ್ಮ ಕರಾವಳಿಯ ಇತಿಹಾಸದ ಹಿನ್ನೆಲೆಯಲ್ಲಿಯೇ ವಿವರಿಸುವ ಪ್ರಯತ್ನವಿದು.

ಹೋದವರು ಮರಳದ ಕಾಲ

ಮೊದಲು ಸ್ವದೇಶ ಭೇಟಿ ಎಂಬ ಕಲ್ಪನೆಯೇ ಇರಲಿಲ್ಲ. ಹಡಗು ಹತ್ತಿದವನು ಹಿಂದಿರುಗುತ್ತಾನೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಇದಕ್ಕೆ ನಮಗೆ ಅತಿ ಸಮೀಪದ ನಿದರ್ಶನ ಸಂತ ಜೋಸೆಫ್ ವಾಝ್. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಜನಿಸಿದ ಇವರು 1681ರಲ್ಲಿ ಕೆನರಾ ಕರಾವಳಿಗೆ ಬಂದು ಮೂರು ವರ್ಷ ಇಲ್ಲಿನ ಕ್ರೈಸ್ತರ ನಡುವೆ ದುಡಿದರು. ಗಂಗೊಳ್ಳಿ, ಕುಂದಾಪುರಗಳ ಕಡೆಯಲ್ಲಿ ಇಂದಿಗೂ ಅವರ ನೆನಪು ಹಸಿರಾಗಿದೆ. 1684ರಲ್ಲಿ ಗೋವೆಗೆ ಮರಳಿದ ಅವರು, ಡಚ್ಚರ ಆಳ್ವಿಕೆಯಲ್ಲಿ ಕೆಥೊಲಿಕರಿಗೆ ಗುರುಗಳೇ ಇಲ್ಲದಂತಾಗಿದ್ದ ಸಿಂಹಳಕ್ಕೆ ಹೊರಟರು. ಕೂಲಿಯಾಳಿನ ವೇಷದಲ್ಲಿ 1687ರಲ್ಲಿ ಆ ದ್ವೀಪವನ್ನು ಸೇರಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕೊನೆಯುಸಿರೆಳೆಯುವವರೆಗೆ ಮತ್ತೆ ತವರನ್ನು ಕಾಣಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗೋವೆಗೂ ಸಿಂಹಳಕ್ಕೂ ಇರುವ ಅಂತರ ಇಂದು ವಿಮಾನದಲ್ಲಿ ಕೆಲವೇ ಗಂಟೆಗಳದು. ಅಷ್ಟು ಹತ್ತಿರದ ನಾಡಿಗೆ ಹೋದವರೂ ಇಪ್ಪತ್ತಮೂರು ವರ್ಷ ಮರಳಲಿಲ್ಲ ಎಂದಾಗ, ದೂರವನ್ನು ಮೈಲುಗಳಲ್ಲಿ ಅಳೆಯುವುದು ಸಾಲದು ಎಂಬುದು ಅರ್ಥವಾಗುತ್ತದೆ. ಒಮ್ಮೆ ಹೊರಬಂದರೆ ಮರುಪ್ರವೇಶ ಸಿಗುವ ಭರವಸೆ ಇಲ್ಲದಿದ್ದುದು, ತಾನು ಬಿಟ್ಟುಬಂದ ಜನರಿಗೆ ಬೇರೆ ದಿಕ್ಕಿಲ್ಲದಿದ್ದುದು, ಇವೇ ಅಂದಿನ ಮಿಶನರಿಯನ್ನು ಕಟ್ಟಿಹಾಕಿದ್ದ ನಿಜವಾದ ಕಾರಣಗಳು. ಮರುಪ್ರವೇಶದ ಆತಂಕವು ಇಂದಿಗೂ ಬೇರೊಂದು ರೂಪದಲ್ಲಿ ಉಳಿದಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಬಾಸೆಲ್ ಮಿಶನ್ ಮತ್ತು ‘ಫರ್ಲೋ’

ಕನ್ನಡನಾಡಿನಲ್ಲಿ ಮಿಶನರಿಗಳ ಬದುಕಿನ ವಿವರಗಳು ಅತ್ಯಂತ ಸ್ಪಷ್ಟವಾಗಿ ದೊರೆಯುವುದು ಬಾಸೆಲ್ ಮಿಶನ್ನಿನ ಇತಿಹಾಸದಲ್ಲಿ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆ, ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷೇತರ ಮಿಶನರಿಗಳಿಗೂ ಬಾಗಿಲು ತೆರೆದ ಮರುವರ್ಷವೇ ತನ್ನವರನ್ನು ಭಾರತಕ್ಕೆ ಕಳುಹಿಸಿತು. ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಇಂಗ್ಲೆಂಡಿನಿಂದ ಆಫ್ರಿಕಾದ ತುದಿಯನ್ನು ಬಳಸಿ ಬಂದ ಆ ಪಯಣಕ್ಕೆ ಮೂರು ತಿಂಗಳು ಹಿಡಿದಿತ್ತು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ನಮ್ಮ ಜಿಲ್ಲೆಯ ಹೊನ್ನಾವರಗಳಲ್ಲಿಯೂ ಮಿಶನ್ನಿನ ಕೇಂದ್ರಗಳು ತಲೆಯೆತ್ತಿದವು.

ಮಲೇರಿಯಾ, ಆಮಶಂಕೆ, ಬಿಸಿಲಿನ ಝಳ ಇವುಗಳಿಂದ ಬಳಲಿದ ಮಿಶನರಿಗಳನ್ನು ಕೆಲವು ವರ್ಷಗಳಿಗೊಮ್ಮೆ ತವರಿಗೆ ಕಳುಹಿಸದಿದ್ದರೆ ಅವರು ಉಳಿಯುವುದೇ ಕಷ್ಟ ಎಂಬುದು ಸಂಸ್ಥೆಗಳಿಗೆ ಅನುಭವದಿಂದ ಮನವರಿಕೆಯಾಯಿತು. ಹೀಗೆ ರೂಢಿಗೆ ಬಂದ ದೀರ್ಘ ರಜೆಗೆ ಬ್ರಿಟಿಷ್ ಸರಕಾರಿ ಸೇವೆಯಲ್ಲಿ ಬಳಕೆಯಲ್ಲಿದ್ದ ‘ಫರ್ಲೋ’ ಎಂಬ ಹೆಸರೇ ನಿಂತಿತು. ಇಂದು ಆ ಪದ ನಮಗೆ ಸೆರೆಮನೆಯ ಸುದ್ದಿಗಳಲ್ಲಿ ಮಾತ್ರ ಕೇಳಿಸುತ್ತದೆ. ಆದರೆ ಅಂದು ಅದು ಸೈನಿಕ, ಕಲೆಕ್ಟರ್, ಮಿಶನರಿ ಎಲ್ಲರೂ ಎದುರುನೋಡುತ್ತಿದ್ದ ಪದವಾಗಿತ್ತು.

ಈ ರಜೆಯ ಸಿದ್ಧತೆ ಸಣ್ಣದಾಗಿರಲಿಲ್ಲ. ಬಾಸೆಲ್‌ನಲ್ಲಿದ್ದ ಆಡಳಿತ ಸಮಿತಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ಪತ್ರ ಹೋಗಿ ಉತ್ತರ ಬರಲು ತಿಂಗಳುಗಳೇ ಬೇಕು. ಶಾಲೆ, ಸಭೆ, ಅನಾಥಾಲಯಗಳ ಲೆಕ್ಕಪತ್ರವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. ಪಶ್ಚಿಮ ಕರಾವಳಿಯ ಬಂದರುಗಳು ಮಳೆಗಾಲದಲ್ಲಿ ಮುಚ್ಚುತ್ತಿದ್ದುದರಿಂದ, ಹೊರಡುವುದಾದರೆ ಮುಂಗಾರಿಗೆ ಮೊದಲೇ ಹೊರಡಬೇಕು. ತಪ್ಪಿದರೆ ಮಳೆ ಮುಗಿಯುವವರೆಗೆ ಕಾಯಬೇಕು. 1869ರ ನವೆಂಬರಿನಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ತಿಂಗಳುಗಳ ಪಯಣ ವಾರಗಳಿಗೆ ಇಳಿಯಿತು. ದೂರ ಕುಗ್ಗಿದಂತೆ ರಜೆ ಸುಲಭವಾಯಿತು. ಆದರೆ ರಜೆಯೊಡನೆ ಬರುತ್ತಿದ್ದ ಒಂದು ನೋವು ಮಾತ್ರ ಕುಗ್ಗಲಿಲ್ಲ.

ಮಕ್ಕಳನ್ನು ಬಿಟ್ಟುಬರುವ ಪಯಣ

ಆ ನೋವು ಮಕ್ಕಳದು. ಭಾರತದ ಹವೆಯಲ್ಲಿ ಯುರೋಪಿನ ಮಕ್ಕಳು ಬದುಕಿ ಬೆಳೆಯುವುದು ಕಷ್ಟವೆಂದೂ, ಅವರ ವಿದ್ಯಾಭ್ಯಾಸ ತವರಿನಲ್ಲಿಯೇ ನಡೆಯಬೇಕೆಂದೂ ನಂಬಿದ್ದ ಕಾಲವದು. ಶಾಲೆಯ ವಯಸ್ಸಿಗೆ ಬರುವ ಹೊತ್ತಿಗೆ ಮಕ್ಕಳನ್ನು ಯುರೋಪಿಗೆ ಕಳುಹಿಸುವುದು ಬಾಸೆಲ್ ಮಿಶನ್ನಿನಲ್ಲಿ ಕಟ್ಟಳೆಯಾಯಿತು; 1850ರ ದಶಕದಲ್ಲಿ ಇದಕ್ಕಾಗಿಯೇ ಬಾಸೆಲ್‌ನಲ್ಲಿ ಮಕ್ಕಳ ನಿಲಯವನ್ನು ತೆರೆಯಲಾಯಿತು. ತಂದೆತಾಯಿಯರು ರಜೆಗೆಂದು ಮಕ್ಕಳನ್ನು ಕರೆದುಕೊಂಡು ಹೋಗಿ, ಮರಳುವಾಗ ಅವರನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದರು. ಮುಂದಿನ ಭೇಟಿಯ ಹೊತ್ತಿಗೆ ಮಕ್ಕಳು ಹೆತ್ತವರ ಮುಖವನ್ನೇ ಗುರುತಿಸದ ಸ್ಥಿತಿಯಿರುತ್ತಿತ್ತು.

ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮಾರಿಯ ಕತೆ ಇದಕ್ಕೆ ಸಾಕ್ಷಿ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಈಕೆಯನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕರೆದೊಯ್ದು ಅಲ್ಲಿ ಬಿಡಲಾಯಿತು. ಆಕೆ ಭಾರತದಲ್ಲಿದ್ದ ಹೆತ್ತವರನ್ನು ಮತ್ತೆ ಸೇರಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಗುಂಡರ್ಟರು ಆಗ ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ಎರಡು ವರ್ಷಗಳಲ್ಲಿ, 1859ರಲ್ಲಿ, ಆರೋಗ್ಯ ಕೆಟ್ಟು ಅವರು ಜರ್ಮನಿಗೆ ತೆರಳಬೇಕಾಯಿತು. ಮಾರಿ ಮುಂದೆ ವರಿಸಿದ ಯೋಹಾನ್ನೆಸ್ ಹೆಸ್ಸೆ ಕೂಡ 1869ರಲ್ಲಿ ಮಂಗಳೂರಿಗೆ ಬಂದು, ಅನಾರೋಗ್ಯದಿಂದ 1873ರಲ್ಲಿ ಮರಳಿದ ಬಾಸೆಲ್ ಮಿಶನರಿಯೇ. ಇವರ ಮಗನೇ ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ ಹರ್ಮನ್ ಹೆಸ್ಸೆ. ತಾಯಿ ಹುಟ್ಟಿದ, ತಂದೆ ದುಡಿದ ಕರಾವಳಿಯನ್ನು ಕಾಣುವ ಆಸೆಯಿಂದ ಹೆಸ್ಸೆ 1911ರಲ್ಲಿ ಪೂರ್ವಕ್ಕೆ ಪಯಣಿಸಿದರಾದರೂ ಸಿಂಹಳ, ಸಿಂಗಪುರ, ಸುಮಾತ್ರಾಗಳನ್ನು ಕಂಡು ಮರಳಿದರೇ ಹೊರತು ನಮ್ಮ ಕರಾವಳಿಯವರೆಗೆ ಬರಲಾಗಲಿಲ್ಲ.

ಮಿಶನರಿಯ ಮಕ್ಕಳಿಗೆ ತವರು ಯಾವುದು ಎಂಬ ಪ್ರಶ್ನೆಗೆ ಈ ಕುಟುಂಬದ ಮೂರು ತಲೆಮಾರುಗಳ ಅಲೆದಾಟದಲ್ಲಿಯೂ ಸರಳ ಉತ್ತರ ದೊರೆಯುವುದಿಲ್ಲ. ಹೆತ್ತವರ ತವರು ಮಗುವಿಗೆ ಪರದೇಶ. ಮಗುವಿನ ತವರು ಹೆತ್ತವರಿಗೆ ಸೇವಾಕ್ಷೇತ್ರ. ಇಂದು ವಿದೇಶಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಯಾವುದೇ ಕನ್ನಡ ಅಥವಾ ಕೊಂಕಣಿ ಕುಟುಂಬಕ್ಕೂ ಈ ಮಾತು ಅಪರಿಚಿತವಾಗಿ ತೋರಲಾರದು.

ರಜೆಯೂ ಕೆಲಸವೇ

ಸ್ವದೇಶ ಭೇಟಿಯೆಂದರೆ ಬರಿಯ ವಿಶ್ರಾಂತಿಯಲ್ಲ ಎಂಬುದು ಆ ಕಾಲದಿಂದಲೂ ಬಂದ ಪದ್ಧತಿ. ರಜೆಗೆ ಹೋದ ಮಿಶನರಿ ಊರೂರು ಸುತ್ತಿ ತಾನು ದುಡಿಯುವ ನಾಡಿನ ವಿಷಯವನ್ನು ಸಭೆಗಳಲ್ಲಿ ವಿವರಿಸಬೇಕು, ದಾನಿಗಳನ್ನು ಕಾಣಬೇಕು, ಹೊಸ ಕಾರ್ಯಕರ್ತರನ್ನು ಹುರಿದುಂಬಿಸಬೇಕು, ಪುಸ್ತಕ ಅಚ್ಚು ಹಾಕಿಸಬೇಕು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೊಗ್ಲಿಂಗ್ 1846ರಲ್ಲಿ ತವರಿಗೆ ಹೋದಾಗ ಒಬ್ಬರೇ ಹೋಗಲಿಲ್ಲ. ಎರಡು ವರ್ಷಗಳ ಹಿಂದಷ್ಟೇ ಕ್ರೈಸ್ತಮತವನ್ನು ಸ್ವೀಕರಿಸಿದ್ದ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿಣ್ಯರೂ ಜೊತೆಗಿದ್ದರು. ಮೊಗ್ಲಿಂಗ್ ಮರಳಿದ ಮೇಲೆ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಪ್ರಾಚೀನ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದರು. ಅದರ ವೆಚ್ಚವನ್ನು ಕಂಪನಿಯ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ವಹಿಸಿಕೊಂಡರು.

ಕೌಂಡಿಣ್ಯರ ಪಯಣ ಇಲ್ಲಿ ವಿಶೇಷ ಗಮನಕ್ಕೆ ಪಾತ್ರ. ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ದೀಕ್ಷೆ ಪಡೆದು ಅವರು ಭಾರತಕ್ಕೆ ಮರಳಿದರು. ಯುರೋಪಿನವರು ಸಮುದ್ರ ದಾಟಿ ತವರಿಗೆ ಹೋಗುವುದನ್ನೇ ಸ್ವದೇಶ ಭೇಟಿಯೆಂದು ಕರೆಯುತ್ತಿದ್ದ ಕಾಲದಲ್ಲಿ, ನಮ್ಮ ಕರಾವಳಿಯವರೊಬ್ಬರು ಪರದೇಶದಲ್ಲಿ ಮಿಶನರಿಯಾಗಿ ಸಿದ್ಧಗೊಂಡು ಹುಟ್ಟೂರಿಗೆ ಮರಳಿದ ಮೊದಲ ನಿದರ್ಶನಗಳಲ್ಲಿ ಇದೊಂದು. ಆದರೆ ಸಮುದ್ರೋಲ್ಲಂಘನವೇ ಜಾತಿಭ್ರಷ್ಟತೆಗೆ ಕಾರಣವೆಂದು ಎಣಿಸುತ್ತಿದ್ದ, ಮತಾಂತರವನ್ನು ಮರಣಕ್ಕೆ ಸಮನೆಂದು ಭಾವಿಸುತ್ತಿದ್ದ ಸಮಾಜಕ್ಕೆ ಮರಳುವುದೆಂದರೆ ಊರಿಗೆ ಬಂದರೂ ಮನೆಗೆ ಬಾರದಂತೆ. ಕೊಡಗಿನಲ್ಲಿ ಅವರ ಹೆಸರಿನಿಂದಲೇ ಬೆಳೆದ ಆನಂದಪುರ ಎಂಬ ನೆಲೆಯನ್ನು ಹೊಸದೊಂದು ಮನೆಯನ್ನು ಕಟ್ಟಿಕೊಳ್ಳುವ ಯತ್ನವೆಂದು ನೋಡಬಹುದು.

ಕಿಟ್ಟೆಲ್: ತವರನ್ನು ಬಿಟ್ಟು ಮರಳಿದವರು

ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಹೆಸರು ಫರ್ಡಿನೆಂಡ್ ಕಿಟ್ಟೆಲ್. ಇವರ ಜೀವನದಲ್ಲಿ ಸ್ವದೇಶ ಭೇಟಿಯ ಅರ್ಥವೇ ತಿರುವುಮುರುವಾಯಿತು. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಹಳ್ಳಿಯಲ್ಲಿ ಹುಟ್ಟಿ, 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಪತ್ನಿ ಪೌಲಿನೆ 1864ರಲ್ಲಿ ತೀರಿಕೊಂಡರು. ಬಳಿಕ ಆಕೆಯ ಸಹೋದರಿ ಜೂಲಿಯನ್ನು ವರಿಸಿದರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದಸ್ಸ’ನ್ನೂ ಸಂಪಾದಿಸಿ ಪ್ರಕಟಿಸಿದರು. 1877ರಲ್ಲಿ ಕುಟುಂಬದೊಡನೆ ಜರ್ಮನಿಗೆ ಮರಳಿದರು.

ಸಾಮಾನ್ಯ ಮಿಶನರಿಯ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅರ್ಧಕ್ಕೆ ನಿಂತಿದ್ದ ನಿಘಂಟಿನ ಕೆಲಸವನ್ನು ತವರಿನಲ್ಲಿ ಕುಳಿತು ಮುಗಿಸುವುದು ಸಾಧ್ಯವಾಗಲಿಲ್ಲ. ಪದಗಳ ಜೀವ ಆಡುವವರ ಬಾಯಲ್ಲಿತ್ತು. ಅರ್ಥ ತಿಳಿಸಬಲ್ಲ ಪಂಡಿತರು ಈ ನಾಡಿನಲ್ಲಿದ್ದರು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಕಿಟ್ಟೆಲ್ ಒಬ್ಬರೇ ಕನ್ನಡನಾಡಿಗೆ ಬಂದರು. 1892ರವರೆಗೆ ದುಡಿದು ಮರಳಿದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡು 1,700ಕ್ಕೂ ಹೆಚ್ಚು ಪುಟಗಳಲ್ಲಿ ಹರಡಿದೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರ ಡಿಸೆಂಬರಿನಲ್ಲಿ ಅವರು ಅದೇ ಊರಿನಲ್ಲಿ ನಿಧನರಾದರು.

ಕನ್ನಡಕ್ಕೆ ದೊರೆತ ಈ ಮಹಾಕೃತಿಯ ಹಿಂದೆ ಒಂದು ಕುಟುಂಬದ ಸುಮಾರು ಒಂಬತ್ತು ವರ್ಷಗಳ ಅಗಲಿಕೆಯಿದೆ. ನಿಘಂಟನ್ನು ತೆರೆಯುವಾಗ ಕಿಟ್ಟೆಲರನ್ನು ನೆನೆಯುವ ನಾವು, ದೂರದ ಜರ್ಮನಿಯಲ್ಲಿ ಅವರಿಲ್ಲದೆ ಮನೆಯನ್ನು ನಡೆಸಿದ ಜೂಲಿಯನ್ನೂ ನೆನೆಯುವುದು ನ್ಯಾಯ.

ಬಲವಂತದ ಮರಳಿಕೆ

ಸ್ವದೇಶಕ್ಕೆ ಹೋಗುವುದೇ ಶಿಕ್ಷೆಯಾದ ಪ್ರಸಂಗವೂ ಉಂಟು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಪ್ರಜೆಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಪುರುಷರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. 1915-16ರಲ್ಲಿ ‘ಗೋಲ್ಕೊಂಡಾ’ ಹಡಗಿನಲ್ಲಿ ಅನೇಕ ಮಿಶನರಿ ಕುಟುಂಬಗಳನ್ನು ಯುರೋಪಿಗೆ ಸಾಗಿಸಲಾಯಿತು. ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಉದ್ದಿಮೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಲವು ದಶಕ ಕನ್ನಡ, ತುಳು, ಮಲಯಾಳಗಳಲ್ಲಿ ಬದುಕಿದ್ದವರು ಸಿದ್ಧತೆಗೆ ಸಮಯವೂ ಇಲ್ಲದೆ, ವಿದಾಯ ಹೇಳುವ ಅವಕಾಶವೂ ಇಲ್ಲದೆ ಹೊರಟುಹೋದರು. ಯುದ್ಧ ಮುಗಿದ ಮೇಲೂ ಹಲವು ವರ್ಷ ಅವರಿಗೆ ಈ ನಾಡಿಗೆ ಪ್ರವೇಶವಿರಲಿಲ್ಲ. ಮಿಶನರಿಯ ವಾಸ್ತವ್ಯ ಸದಾ ಬೇರೊಬ್ಬರ ಅನುಮತಿಯ ಮೇಲೆ ನಿಂತಿದೆ ಎಂಬ ಸತ್ಯವನ್ನು ಆ ಘಟನೆ ಕಟುವಾಗಿ ಕಲಿಸಿತು.

ದಿಕ್ಕು ಬದಲಾದ ಪಯಣ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಯಣದ ದಿಕ್ಕು ಬದಲಾಯಿತು. ಯುರೋಪು ಅಮೆರಿಕಗಳಲ್ಲಿ ಗುರುದೀಕ್ಷೆಗೆ ಬರುವವರು ಕಡಿಮೆಯಾದಂತೆ, ಒಂದು ಕಾಲಕ್ಕೆ ಮಿಶನರಿಗಳನ್ನು ಬರಮಾಡಿಕೊಂಡ ನಾಡುಗಳೇ ಮಿಶನರಿಗಳನ್ನು ಕಳುಹಿಸತೊಡಗಿದವು. 1957ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಹೊರಡಿಸಿದ ‘ಫಿದೆಯಿ ದೋನುಮ್’ ಎಂಬ ವಿಶ್ವಪತ್ರವು ಒಂದು ಧರ್ಮಪ್ರಾಂತ್ಯದ ಗುರುಗಳು ಇನ್ನೊಂದು ಪ್ರಾಂತ್ಯದಲ್ಲಿ ನಿಗದಿತ ಅವಧಿಗೆ ಸೇವೆ ಸಲ್ಲಿಸುವ ಮಾರ್ಗವನ್ನು ವಿಸ್ತರಿಸಿತು. ನಮ್ಮ ನೆರೆಯ ಕಾಣಕೋಣದ ಅಗೋಂದದಲ್ಲಿ 1887ರಷ್ಟು ಹಿಂದೆಯೇ ಸ್ಥಳೀಯ ಗುರುಗಳದೇ ಮಿಶನರಿ ಸಂಘವೊಂದು ಹುಟ್ಟಿತ್ತು; ಅದೇ ಇಂದಿನ ಪಿಲಾರ್ ಸಂಘ. 1976ರ ಜನವರಿಯಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ಅಸ್ತಿತ್ವಕ್ಕೆ ಬಂತು.

ಹೀಗೆ ಹೊರಗೆ ಸೇವೆಯಲ್ಲಿರುವ ಗುರುಗಳು, ಧರ್ಮಭಗಿನಿಯರು ಮನೆಗೆ ಬರುವುದು ಕೆಥೊಲಿಕ ಧರ್ಮಸಭೆಯ ಕಾನೂನು ಸಂಹಿತೆಯ ನಿಯಮಗಳಿಗೆ ಒಳಪಟ್ಟಿದೆ. ಗುರುಗಳಿಗೆ ಪ್ರತಿವರ್ಷ ಸಾಕಷ್ಟು ವಿಶ್ರಾಂತಿಯ ಹಕ್ಕಿದೆ ಎನ್ನುತ್ತದೆ 283ನೆಯ ನಿಯಮ. ಧರ್ಮಕೇಂದ್ರದ ಮುಖ್ಯಗುರು ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳು ರಜೆಯ ಮೇಲೆ ಹೊರಗಿರಬಹುದು, ಒಂದು ವಾರಕ್ಕಿಂತ ಹೆಚ್ಚು ಹೋಗುವುದಾದರೆ ಬಿಷಪರಿಗೆ ತಿಳಿಸಬೇಕು ಎನ್ನುತ್ತದೆ 533ನೆಯ ನಿಯಮ. ಸಂನ್ಯಾಸಿ ಸಂಸ್ಥೆಗಳ ಸದಸ್ಯರು ಮಠದಿಂದ ಹೊರಗಿರಲು ಮೇಲಧಿಕಾರಿಗಳ ಅನುಮತಿ ಬೇಕು ಎಂಬುದು 665ನೆಯ ನಿಯಮ. ಎಷ್ಟು ವರ್ಷಗಳಿಗೊಮ್ಮೆ ಮನೆಗೆ ಬರಬಹುದು, ಪ್ರಯಾಣ ವೆಚ್ಚ ಯಾರದು ಎಂಬುದನ್ನು ಆಯಾ ಸಂಸ್ಥೆಯ ಕಟ್ಟಳೆ ಅಥವಾ ಎರಡು ಪ್ರಾಂತ್ಯಗಳ ನಡುವಿನ ಲಿಖಿತ ಒಪ್ಪಂದ ನಿರ್ಧರಿಸುತ್ತದೆ. ‘ಇನ್ನೂ ಎರಡು ತಿಂಗಳು ಇದ್ದು ಹೋಗಬಾರದೇ?’ ಎಂದು ಮನೆಯವರು ಒತ್ತಾಯಿಸುವಾಗ, ಆ ನಿರ್ಧಾರ ಬಂದವರ ಕೈಯಲ್ಲಿಲ್ಲ ಎಂಬುದನ್ನು ನೆನಪಿಡಬೇಕು.

ಹೊರಡುವ ಮುನ್ನ ಕಾಗದಪತ್ರ

ಸಿದ್ಧತೆಯ ಮೊದಲ ಹಂತ ಕಾಗದಪತ್ರಗಳದು. ಮನೆಗೆ ಬರುವುದು ಸುಲಭ. ಸೇವಾಕ್ಷೇತ್ರಕ್ಕೆ ಮರಳುವುದೇ ಕಷ್ಟ. ಹಿಂದೆ ಹೇಳಿದ ಮರುಪ್ರವೇಶದ ಆತಂಕ ಇದೇ.

ಅಮೆರಿಕದ ಧಾರ್ಮಿಕ ಕಾರ್ಯಕರ್ತರ ‘ಆರ್-1’ ಅನುಮತಿಯನ್ನು ಮೊದಲಿಗೆ ಗರಿಷ್ಠ 30 ತಿಂಗಳಿಗೆ, ವಿಸ್ತರಣೆ ಸೇರಿ ಒಟ್ಟು ಐದು ವರ್ಷಕ್ಕೆ ನೀಡಲಾಗುತ್ತದೆ. ಅಲ್ಲಿ ವಾಸದ ಅನುಮತಿ ವಿಸ್ತರಣೆಯಾಗಿದ್ದರೂ ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಊರಿಗೆ ಬಂದವರು ಮರಳುವ ಮೊದಲು ಇಲ್ಲಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಹೊಸ ವೀಸಾ ಪಡೆಯಬೇಕು. ಸಂದರ್ಶನದ ದಿನಾಂಕ ದೊರೆಯದೆ ರಜೆ ಮುಗಿದರೂ ಹೊರಡಲಾಗದ ಪರಿಸ್ಥಿತಿ ಉಂಟಾಗಬಹುದು. ಗ್ರೀನ್ ಕಾರ್ಡ್ ಹೊಂದಿದವರು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರುವುದಾದರೆ ಮರುಪ್ರವೇಶ ಪರವಾನಗಿಗೆ ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ಇಟಲಿಯಲ್ಲಿ ವಾಸದ ಪರವಾನಗಿ ನವೀಕರಣಕ್ಕೆ ಕೊಟ್ಟು ರಸೀದಿ ಮಾತ್ರ ಕೈಯಲ್ಲಿರುವವರು ಸಾಮಾನ್ಯವಾಗಿ ಬೇರೆ ಷೆಂಗೆನ್ ದೇಶದಲ್ಲಿ ವಿಮಾನ ಬದಲಿಸದೆ ಪ್ರಯಾಣಿಸಬೇಕಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ವಿಚಾರಿಸುವುದು ಕ್ಷೇಮ.

ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿಜ್ವರ ಪೀಡಿತ ದೇಶಗಳಿಂದ ಬರುವವರು ಲಸಿಕೆಯ ಪ್ರಮಾಣಪತ್ರವನ್ನು ಮರೆಯಬಾರದು. ಲಸಿಕೆ ಹಾಕಿಸಿ ಹತ್ತು ದಿನಗಳ ನಂತರವಷ್ಟೇ ಅದು ಸಿಂಧುವಾಗುತ್ತದೆ. ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ಆರೋಗ್ಯ ಇಲಾಖೆಗಿದೆ.

ವಿದೇಶಿ ಪೌರತ್ವ ಪಡೆದವರ ವಿಷಯ ಬೇರೆ. ಅವರು ಓಸಿಐ ಕಾರ್ಡಿನ ಮೇಲೆ ಬರುವುದು ರೂಢಿ. 2021ರ ಮಾರ್ಚ್ ತಿಂಗಳ ಕೇಂದ್ರ ಸರಕಾರದ ಅಧಿಸೂಚನೆಯಂತೆ, ಓಸಿಐ ಕಾರ್ಡುದಾರರು ಮಿಶನರಿ ಚಟುವಟಿಕೆ ನಡೆಸುವುದಾದರೆ ವಿಶೇಷ ಅನುಮತಿ ಪಡೆಯಬೇಕು. ಮನೆಯವರನ್ನು ಕಾಣುವುದು, ಇಗರ್ಜಿಯ ಪೂಜೆಯಲ್ಲಿ ಭಾಗವಹಿಸುವುದು ಬೇರೆ. ಧರ್ಮಪ್ರಚಾರದ ಕಾರ್ಯಕ್ರಮಗಳನ್ನು ನಡೆಸುವುದು ಬೇರೆ. ಗುರುಗಳಾದವರು ತಮ್ಮ ಬಿಷಪರಿಂದ ಅಥವಾ ಮೇಲಧಿಕಾರಿಯಿಂದ ‘ಸೆಲೆಬ್ರೆಟ್’ ಎಂಬ ಗುರುತುಪತ್ರವನ್ನು ತಂದರೆ, ಪರಿಚಯವಿಲ್ಲದ ಇಗರ್ಜಿಯಲ್ಲಿಯೂ ಪೂಜೆ ಅರ್ಪಿಸಲು ಅಡ್ಡಿಯಾಗದು.

ಹಣದ ಪ್ರಶ್ನೆ

ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಹಣದ ವಿಷಯದಲ್ಲಿ. ‘ಫಾರೆನ್ನಿನಲ್ಲಿರುವ ಫಾದರ್’ ಎಂದೊಡನೆ ಮನೆಯ ರಿಪೇರಿ, ತಂಗಿಯ ಮದುವೆ, ಅಳಿಯನ ಕೋರ್ಸಿನ ಫೀಸು ಎಲ್ಲವೂ ನಿರೀಕ್ಷೆಯ ಪಟ್ಟಿಗೆ ಸೇರಿಬಿಡುತ್ತವೆ. ಆದರೆ ಸಂನ್ಯಾಸ ವ್ರತ ತೊಟ್ಟವರು ದುಡಿದುದೆಲ್ಲ ಅವರ ಸಂಸ್ಥೆಗೆ ಸೇರುತ್ತದೆ ಎಂದು 668ನೆಯ ನಿಯಮ ಸ್ಪಷ್ಟಪಡಿಸುತ್ತದೆ. ಆಸ್ಪತ್ರೆಯಲ್ಲಿ ನರ್ಸಾಗಿ ದುಡಿಯುವ ಧರ್ಮಭಗಿನಿಯ ಸಂಬಳ ಆಕೆಯದಲ್ಲ. ಆಕೆಯ ಕೈಚೀಲದಲ್ಲಿರುವುದು ಪ್ರಯಾಣಕ್ಕೆಂದು ಕೊಟ್ಟ ಅಲ್ಪ ಮೊತ್ತ ಮಾತ್ರ. ಧರ್ಮಪ್ರಾಂತ್ಯದ ಗುರುಗಳಿಗೆ ಬಡತನದ ವ್ರತವಿಲ್ಲದಿದ್ದರೂ ಅವರ ಭತ್ಯೆ ಸೀಮಿತ. ಇದನ್ನು ಬಾಯಿಬಿಟ್ಟು ಹೇಳಲು ಬಂದವರು ಸಂಕೋಚಪಡುತ್ತಾರೆ; ಕೇಳದೆಯೇ ಅರಿಯುವುದು ಮನೆಯವರ ದೊಡ್ಡತನ.

ಊರಿನ ಇಗರ್ಜಿಗೋ ಶಾಲೆಗೋ ಎಂದು ವಿದೇಶಿ ಭಕ್ತರು ಕೊಟ್ಟ ಹಣವನ್ನು ಕೈಯಲ್ಲಿ ತರುವುದೂ ಸಲ್ಲದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಂತೆ ಅಂಥ ದೇಣಿಗೆಯನ್ನು ನೋಂದಾಯಿತ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆಗಳು ಮಾತ್ರ ಸ್ವೀಕರಿಸಬಹುದು. 2020ರ ತಿದ್ದುಪಡಿಯ ಬಳಿಕ ಅದು ಮೊದಲಿಗೆ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ವಿಮಾನ ನಿಲ್ದಾಣದಲ್ಲಿ 5,000 ಡಾಲರಿಗಿಂತ ಹೆಚ್ಚಿನ ವಿದೇಶಿ ನೋಟುಗಳಿದ್ದರೆ ಘೋಷಿಸುವುದು ಕಡ್ಡಾಯ. ಸದುದ್ದೇಶದಿಂದ ತಂದ ಹಣವೂ ದಾಖಲೆಯಿಲ್ಲದಿದ್ದರೆ ತಂದವರನ್ನೂ ಪಡೆದವರನ್ನೂ ತೊಂದರೆಗೆ ಸಿಲುಕಿಸುತ್ತದೆ.

ಯಾವಾಗ ಬರಬೇಕು? ಹೇಗೆ ಬರಬೇಕು?

ಕ್ರಿಸ್ಮಸ್ ಹಾಗೂ ಈಸ್ಟರ್ ಕಾಲದಲ್ಲಿ ಗುರುಗಳಿಗೆ ರಜೆ ಸಿಗುವುದು ಅಪರೂಪ; ಆ ದಿನಗಳಲ್ಲಿಯೇ ಅವರ ಸೇವೆ ಅಲ್ಲಿ ಅತ್ಯಗತ್ಯ. ಯುರೋಪು ಅಮೆರಿಕಗಳ ಬೇಸಿಗೆಯ ಬಿಡುವು ಜೂನ್‌ನಿಂದ ಆಗಸ್ಟ್‌ವರೆಗೆ ಬರುತ್ತದೆ. ಅದೇ ನಮ್ಮಲ್ಲಿ ಮುಂಗಾರಿನ ಕಾಲ. ಹಾಗಾಗಿ ಅನೇಕರು ತವರನ್ನು ಕಾಣುವುದು ಮಳೆಯಲ್ಲಿಯೇ. ಮಳೆಗಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುಡ್ಡ ಕುಸಿತದ ಭೀತಿ ಇದ್ದೇ ಇರುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ನಡೆದ ದುರಂತವನ್ನು ಯಾರೂ ಮರೆತಿಲ್ಲ. ಅದರ ಮರುತಿಂಗಳೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡಗಳನ್ನು ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು.

ಗೋವೆಯ ದಾಬೋಳಿ ವಿಮಾನ ನಿಲ್ದಾಣದಿಂದ ಬರುವವರಿಗೆ ಮಾಜಾಳಿ ಗಡಿ ದಾಟಿದರೆ ಚಿತ್ತಾಕುಲ ನದಿಯ ಈಚೆಗೇ ಸಿಗುತ್ತದೆ. 2023ರ ಜನವರಿಯಲ್ಲಿ ಸಂಚಾರ ಆರಂಭಿಸಿದ ಮೋಪಾ ನಿಲ್ದಾಣ ಗೋವೆಯ ಉತ್ತರ ತುದಿಯಲ್ಲಿರುವುದರಿಂದ ಅಲ್ಲಿ ಇಳಿಯುವವರು ರಸ್ತೆಯ ಹೆಚ್ಚಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಕೊಂಕಣ ರೈಲಿನಲ್ಲಿ ಬಂದು ಶಿರವಾಡದ ಕಾರವಾರ ನಿಲ್ದಾಣದಲ್ಲಿ ಇಳಿಯುವವರು ಕಾಳಿಯನ್ನು ದಾಟಿಯೇ ಚಿತ್ತಾಕುಲಕ್ಕೆ ಬರಬೇಕು.

ಮನೆಯೊಳಗಿನ ಸಿದ್ಧತೆ

ಬಂದವರ ಮೊದಲ ದಿನಗಳು ವಿಚಿತ್ರವಾಗಿರುತ್ತವೆ. ಊರು ಬದಲಾಗಿರುತ್ತದೆ, ತಾವೂ ಬದಲಾಗಿರುತ್ತಾರೆ. ಕೊಂಕಣಿ ಮಾತಿನ ನಡುವೆ ಇಟಾಲಿಯನ್ ಅಥವಾ ಸ್ವಾಹಿಲಿ ಪದ ನುಸುಳುತ್ತದೆ. ಬಾಲ್ಯದ ಗೆಳೆಯರಿಗೆ ಸಂಸಾರವಾಗಿರುತ್ತದೆ, ಜಮೀನು ಪಾಲಾಗಿರುತ್ತದೆ, ತಾವು ಮಲಗುತ್ತಿದ್ದ ಕೋಣೆಯಲ್ಲಿ ಅಣ್ಣನ ಮಕ್ಕಳಿರುತ್ತಾರೆ. ಪರದೇಶಕ್ಕೆ ಹೊಂದಿಕೊಳ್ಳುವುದಕ್ಕಿಂತ ತವರಿಗೆ ಮರುಹೊಂದಿಕೊಳ್ಳುವುದೇ ಕಠಿಣ ಎಂಬುದು ಮಿಶನರಿಗಳ ತರಬೇತಿಯಲ್ಲಿ ಇಂದು ಒಪ್ಪಿತವಾದ ವಿಚಾರ. ಇದರ ಅರಿವು ಮೊದಲೇ ಇದ್ದರೆ ನಿರಾಶೆ ಕಡಿಮೆ.

ಮನೆಯವರು ಮಾಡಬಹುದಾದ ಉಪಕಾರ ದೊಡ್ಡದೇನಲ್ಲ. ಬಂದ ವಾರವೇ ಮದುವೆ, ನಾಮಕರಣ, ಮನೆ ಆಶೀರ್ವಾದಗಳ ಸಾಲು ಹಚ್ಚಬಾರದು. ಮೊದಲ ಕೆಲವು ದಿನ ಹೆತ್ತವರೊಡನೆ ಇರಲು ಬಿಡಬೇಕು. ಬಾಕಿ ಉಳಿದ ವೈದ್ಯಕೀಯ ತಪಾಸಣೆ, ಹಲ್ಲಿನ ಚಿಕಿತ್ಸೆ, ಬ್ಯಾಂಕ್ ಹಾಗೂ ಆಧಾರ್ ಕೆಲಸಗಳಿಗೆ ದಿನ ಗೊತ್ತುಪಡಿಸಬೇಕು. ಮನೆಯ ಜಗಳಗಳಿಗೆ, ಪಾಲಿನ ತಕರಾರುಗಳಿಗೆ ಅವರನ್ನು ಪಂಚರನ್ನಾಗಿ ಕೂಡಿಸಬಾರದು. ಬಂದವರೂ ಅಲ್ಲಿನ ಸೌಕರ್ಯವನ್ನು ಹೊಗಳಿ ಇಲ್ಲಿನ ಕೊರತೆಯನ್ನು ಎಣಿಸುವ ಚಾಳಿಯನ್ನು ದೂರವಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ವಯಸ್ಸಾದ ತಂದೆತಾಯಿಯರದು. ಮೂರು ವರ್ಷಕ್ಕೊಮ್ಮೆ ಬರುವ ಮಗನಿಗೋ ಮಗಳಿಗೋ ಎಂಬತ್ತರ ತಾಯಿಯೊಡನೆ ಇನ್ನೆಷ್ಟು ಭೇಟಿಗಳು ಉಳಿದಿವೆ ಎಂಬ ಲೆಕ್ಕ ಸುಲಭವಾದರೂ ಹೇಳಿಕೊಳ್ಳುವುದು ಕಷ್ಟ. ದೂರದಲ್ಲಿರುವವರು ಅಂತ್ಯಕ್ರಿಯೆಗೆ ಬರಲಾಗದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ತಾಯಿತಂದೆಯರು ಗಟ್ಟಿಯಾಗಿರುವಾಗಲೇ ಅವರ ಆರೈಕೆಯ ವ್ಯವಸ್ಥೆ, ಅವರ ಇಚ್ಛೆಗಳು, ತುರ್ತು ಸಂದರ್ಭದಲ್ಲಿ ಸುದ್ದಿ ಮುಟ್ಟಿಸುವ ಬಗೆ ಇವನ್ನು ಒಡಹುಟ್ಟಿದವರೊಡನೆ ಕುಳಿತು ಮಾತನಾಡಿಕೊಳ್ಳುವುದು ಈ ಭೇಟಿಯ ಅತಿ ಮುಖ್ಯ ಕೆಲಸ. ಅಪಶಕುನವೆಂದು ಇದನ್ನು ಮುಂದೂಡಿದವರು ಬಳಿಕ ಹಳಹಳಿಸುವುದೇ ಹೆಚ್ಚು. ತುರ್ತು ಪ್ರಯಾಣಕ್ಕೆ ಅನುಮತಿ ಹಾಗೂ ವೆಚ್ಚದ ಬಗ್ಗೆ ಸಂಸ್ಥೆಯ ನಿಯಮವೇನು ಎಂಬುದನ್ನು ಮನೆಯವರೂ ತಿಳಿದಿರುವುದು ಒಳಿತು.

ಜೋಸೆಫ್ ವಾಝರ ಕಾಲದಲ್ಲಿ ಹೋದವರು ಮರಳಲಿಲ್ಲ. ಕಿಟ್ಟೆಲರ ಕಾಲದಲ್ಲಿ ಮರಳಿದವರು ಮಕ್ಕಳನ್ನು ಬಿಟ್ಟು ಬಂದರು. ಇಂದಿನವರು ವೀಸಾದ ದಿನಾಂಕವನ್ನು ನೋಡಿಕೊಂಡು ಬಂದು ಹೋಗುತ್ತಾರೆ. ದಿನಬೆಳಗಾದರೆ ವಿಡಿಯೋ ಕರೆಯಲ್ಲಿ ಮುಖ ಕಾಣುವ ಈ ಕಾಲದಲ್ಲಿಯೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಊಟಕ್ಕೆ, ಒಟ್ಟಿಗೆ ಹೇಳುವ ಸಂಜೆಯ ಪ್ರಾರ್ಥನೆಗೆ ಬದಲಿಯಿಲ್ಲ. ಸಿಗುವುದು ಒಂದೇ ತಿಂಗಳಾದರೆ, ಅದರಲ್ಲಿ ಎಷ್ಟು ದಿನ ಊರಿಗೆ, ಎಷ್ಟು ದಿನ ಮನೆಗೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ತೀರ್ಮಾನಿಸಿಕೊಳ್ಳುವುದು ಲೇಸು.